ಭವನದ ಬೀಗದ ಕೈ ಯಾರ ಹತ್ರ?

ಮಾರ್ಚ್ ತಿಂಗಳ ಒಂದು ಸೋಮವಾರ. ಬೆಳಗಿನ ಸ್ಟ್ಯಾಂಡಪ್ ಮೀಟಿಂಗ್ ನಡೀತಿತ್ತು. ಕ್ಯಾಮೆರಾ ಆಫ್ ಮಾಡ್ಕೊಂಡು ಫೋನ್ ನೋಡ್ತಾ ಕೂತಿದ್ದೆ. ನಮ್ಮೂರಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಬಂತು: "ತೋಟದ ಅಸ್ಸಾಮಿನವರು ಏಪ್ರಿಲ್ 14ಕ್ಕೆ ಸಮುದಾಯ ಭವನ ಕೇಳ್ತಾವ್ರೆ. ಅವರ ಹಬ್ಬ ಅಂತೆ. ಕೊಡೋದಾ, ಬ್ಯಾಡ್ವಾ?"

ನಮ್ಮೂರು ಆಲೂರು ತಾಲ್ಲೂಕಿನಲ್ಲಿ, ಕೆಂಚಮ್ಮನ ಹೊಸಕೋಟೆ ಕಡೆ. ಗ್ರೂಪಿನಲ್ಲಿರೋ ಮುಕ್ಕಾಲು ಪಾಲು ಜನ ನನ್ನ ಹಾಗೆ ಬೆಂಗಳೂರಲ್ಲೇ ಇರೋದು. ಅಲ್ಲಿ ಬರೋದು ಮೂರೇ ವಿಷಯ: ಕಾಫಿ ರೇಟು, ಯಾರದೋ ಮದುವೆ ಕಾರ್ಡು, ಆನೆ ಎಲ್ಲಿದೆ ಅನ್ನೋ ಸುದ್ದಿ. ಒಂದು ಗಂಟೆ ಇಷ್ಟೊಂದು ಮೆಸೇಜ್ ಒಟ್ಟಿಗೆ ಬಂದಿದ್ದನ್ನ ನಾನು ನೋಡೇ ಇರಲಿಲ್ಲ. "ಇವತ್ತು ಭವನ ಕೊಟ್ರೆ ನಾಳೆ ದೇವಸ್ಥಾನ ಕೇಳ್ತಾರೆ" ಅಂದ ಒಬ್ಬ. "ಕುಡಿದು ಗಲಾಟೆ ಮಾಡಿದ್ರೆ ಯಾರು ಜವಾಬ್ದಾರಿ?" ಅಂದ ಇನ್ನೊಬ್ಬ. ಅವನು ಕಳೆದ ಸುಗ್ಗೀಲಿ ಏನು ಮಾಡಿದ್ದ ಅಂತ ಎಲ್ಲರಿಗೂ ಗೊತ್ತು, ಆದ್ರೆ ಯಾರೂ ಬರೀಲಿಲ್ಲ. ಮತ್ತೊಬ್ಬ ಆಧಾರ್ ಕಾರ್ಡ್ ಜೆರಾಕ್ಸ್ ತಗೊಳ್ಳಿ ಅಂದ.

ತಮಾಷೆ ಅಂದ್ರೆ, ಆ ಭವನ ನಮಗೇ ಬೇಕಾಗಿಲ್ಲ. ಮದುವೆಗಳೆಲ್ಲ ಈಗ ಹಾಸನದ ಕಲ್ಯಾಣ ಮಂಟಪಗಳಲ್ಲಿ. ಎಲೆಕ್ಷನ್ ಬಂದಾಗ ಬೂತು, ಮಳೆಗಾಲ ಮುಗಿದ ಮೇಲೆ ಯಾರದೋ ಶುಂಠಿ ಮೂಟೆ. ಉಳಿದ ದಿನ ಬೀಗ. ಬೀಗದ ಕೈ ಯಾರ ಹತ್ರ ಇದೆ ಅನ್ನೋದಕ್ಕೇ ಎಂಟು ಮೆಸೇಜ್ ಖರ್ಚಾಯ್ತು. ಕೊನೆಗೆ ಗೊತ್ತಾಯ್ತು, ನಮ್ಮನೆ ಹಜಾರದ ಮೊಳೆಯಲ್ಲೇ ನೇತಾಡ್ತಿದೆ!

ನಾನು "ಕೊಡೋಣ" ಅಂತ ಟೈಪ್ ಮಾಡಿ ಅಳಿಸಿದೆ. ಯಾಕೆ ಕೊಡಬೇಕು ಅಂತ ಹೇಳೋಕೆ ಒಂದು ಮೆಸೇಜು ಸಾಕಾಗ್ತಿರಲಿಲ್ಲ. ನನ್ನ ತಲೇಲಿ ಬೇರೆ ಎರಡು ಭವನಗಳು ಓಡ್ತಿದ್ವು. ಒಂದು ಮುಂಬಯಿಯ ಮಾಟುಂಗಾದಲ್ಲಿದೆ, ಇನ್ನೊಂದು ನ್ಯೂಯಾರ್ಕಿನಲ್ಲಿ.

ಮಾಟುಂಗಾದ್ದು ಗೊತ್ತಾಗಿದ್ದು ದೊಡ್ಡಪ್ಪನಿಂದ. ಅವರು ಎಸ್ಸೆಸ್ಸೆಲ್ಸಿ ಮುಗಿಸಿ 1974ರಲ್ಲಿ ಬೊಂಬಾಯಿಗೆ ಹೋದವರು. ಮೊದಲು ಕ್ಯಾಂಟೀನು, ಆಮೇಲೆ ಮಿಲ್ಲಿನ ಆಫೀಸಲ್ಲಿ ಗುಮಾಸ್ತೆ. ಅಲ್ಲಿ ಕನ್ನಡದೋರು ಅಂದ್ರೆ ಬಹುಪಾಲು ಕರಾವಳಿಯವರು, ಹೋಟೆಲ್ ಕೆಲಸದವರು. "ಅವರು ಅವರವರಲ್ಲೇ ತುಳು ಮಾತಾಡೋರು ಕಣೋ. ನಾನು ಬಾಯಿ ಬಿಟ್ರೆ 'ನೀವು ಘಟ್ಟದ ಮೇಲಿನವರಾ' ಅಂತ ನಗೋರು. ಆರು ತಿಂಗಳು ನಮ್ಮ ಕಡೆ ಮಾತು ಕಿವಿಗೆ ಬೀಳಲಿಲ್ಲ" ಅಂತ ಈಗಲೂ ಹೇಳ್ತಾರೆ. ಆಗ ಯಾರೋ ಅವರನ್ನ ಒಂದು ಭಾನುವಾರ ಮಾಟುಂಗಾದ ಭಾವು ದಾಜಿ ರಸ್ತೆಗೆ, ಮೈಸೂರು ಅಸೋಸಿಯೇಷನ್‌ಗೆ ಕರ್ಕೊಂಡು ಹೋದ್ರು. ಹಾಸನ ಅಂದ್ರೆ ಹಳೇ ಮೈಸೂರು ತಾನೆ? ಒಳಗೆ ಕಾಲಿಟ್ಟ ಕೂಡಲೇ "ಬನ್ನಿ, ಯಾವ ಊರು?" ಅಂದ್ರಂತೆ. ಆ ಮೂರು ಪದಕ್ಕೆ ಕಣ್ಣಲ್ಲಿ ನೀರು ಬಂತು ಅಂತ ದೊಡ್ಡಪ್ಪ ಹೇಳುವಾಗ, ದೊಡ್ಡಮ್ಮ ಅಡುಗೆಮನೆಯಿಂದಲೇ "ಮದುವೆ ದಿನ ಮಾತ್ರ ಬರಲಿಲ್ಲ" ಅಂತಾರೆ.

ಮೈಸೂರು ಅಸೋಸಿಯೇಷನ್ ಶುರುವಾಗಿದ್ದು 1926ರಲ್ಲಿ. ಆ ಇಸವಿ ಮೇಲೆ ಒಂದು ನಿಮಿಷ ನಿಲ್ಲಿ. ಆಗ ಕರ್ನಾಟಕ ಅನ್ನೋ ರಾಜ್ಯವೇ ಇರಲಿಲ್ಲ. ನಮ್ಮ ಹಾಸನ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನದಲ್ಲಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಬೊಂಬಾಯಿ ಪ್ರಾಂತ್ಯದಲ್ಲಿದ್ವು. ಮಂಗಳೂರು, ಉಡುಪಿ ಮದ್ರಾಸಿನಲ್ಲಿ. ಕಲಬುರ್ಗಿ, ರಾಯಚೂರು, ಬೀದರ್ ನಿಜಾಮನ ಹೈದರಾಬಾದಿನಲ್ಲಿ. ಕೊಡಗು ಬೇರೆಯೇ. ಊರಲ್ಲೇ ಇದ್ದಿದ್ರೆ ಧಾರವಾಡದವನೂ ಉಡುಪಿಯವನೂ ಹಾಸನದವನೂ ಒಬ್ಬರ ಮುಖ ಒಬ್ಬರು ನೋಡೋ ಸಂದರ್ಭವೇ ಕಡಿಮೆ. ಬೊಂಬಾಯಿಯ ಚಾಳುಗಳಲ್ಲಿ, ಟ್ರಾಮುಗಳಲ್ಲಿ ಅವರು ಒಬ್ಬರಿಗೊಬ್ಬರು ಸಿಕ್ಕಿದ್ರು. ಮೊದಮೊದಲು ಅವರವರ ಸೀಮೆ, ಅವರವರ ಜಾತಿಗೊಂದೊಂದು ಸಂಘ. ಮೊಗವೀರರು 1902ರಲ್ಲೇ ತಮ್ಮ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡಿದ್ರು. 1930ರ ದಶಕಕ್ಕೆ 'ಕರ್ನಾಟಕ ಸಂಘ' ಅನ್ನೋ ಹೆಸರಲ್ಲೇ ಒಂದು ಸಂಸ್ಥೆ ಬಂತು. ಏಕೀಕರಣ ಆಗಿದ್ದು 1956ರ ನವೆಂಬರ್ 1ಕ್ಕೆ, ರಾಜ್ಯಕ್ಕೆ ಆ ಹೆಸರು ಬಂದಿದ್ದು 1973ರಲ್ಲಿ. ನಕ್ಷೆ ಮೇಲೆ ಇನ್ನೂ ಬಾರದ ನಾಡಿನ ಹೆಸರನ್ನ ಊರು ಬಿಟ್ಟು ಹೋದವರು ಆಗಲೇ ಬೋರ್ಡಿನ ಮೇಲೆ ಬರೆಸಿ ನೇತು ಹಾಕಿದ್ರು.

ಆ ಬೋರ್ಡಿನ ಕೆಳಗೆ ಏನೇನು ನಡೀತಿತ್ತು ಅಂತ ಕೇಳಿದ್ರೆ ದೊಡ್ಡಪ್ಪನಿಗೆ ಹೊತ್ತು ಹೋಗೋದೇ ಗೊತ್ತಾಗಲ್ಲ. ನಾಟಕ ಸ್ಪರ್ಧೆ, ಸಂಗೀತ ಕಛೇರಿ, ದಸರಾ, ಗಣೇಶನ ಹಬ್ಬ, ದೊಡ್ಡ ದೊಡ್ಡವರ ಉಪನ್ಯಾಸ. ಮೈಸೂರು ಅಸೋಸಿಯೇಷನ್ನಿನದೇ ಒಂದು ಮಾಸಪತ್ರಿಕೆ, 'ನೇಸರು'. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ ಅಂಥ ಲೇಖಕರು ಅದೇ ಮುಂಬಯಿಯಲ್ಲಿ ನೌಕರಿ ಮಾಡ್ಕೊಂಡು ಕನ್ನಡದಲ್ಲಿ ಕಾದಂಬರಿ ಬರೀತಿದ್ದ ಕಾಲ. ಮಳೆಗಾಲದಲ್ಲಿ ಊರಲ್ಲಿ ಆಟ ನಿಂತ ಮೇಲೆ ಯಕ್ಷಗಾನದ ಕಲಾವಿದರು ಮುಂಬಯಿಗೆ ಬಂದು ಬೇರೆ ಬೇರೆ ಸಭಾಂಗಣಗಳಲ್ಲಿ ಆಡೋರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿ ಮೆಟ್ರಿಕ್ ಪಾಸಾಗೋರು. ದೊಡ್ಡಪ್ಪನಿಗೆ ಸ್ಟೇಜ್ ಮೇಲೆ ಸಿಕ್ಕಿದ್ದು ಒಂದೇ ಪಾತ್ರ, ದೂತ. ಎರಡು ಸಾಲು ಮಾತು. ಮಿಕ್ಕಂತೆ ಹದಿನೈದು ವರ್ಷ ಪರದೆ ಎಳೆದಿದ್ದು, ಕುರ್ಚಿ ಜೋಡಿಸಿದ್ದು, ಉಪ್ಪಿಟ್ಟು ಬಡಿಸಿದ್ದು. "ಪಾರ್ಟು ಮಾಡೋರು ಸಿಗ್ತಾರೆ, ಕುರ್ಚಿ ಎತ್ತಿಡೋರು ಸಿಗಲ್ಲ" ಅನ್ನೋದು ಅವರ ಹೆಮ್ಮೆ.

ಎರಡು ವರ್ಷದ ಹಿಂದೆ ಆಫೀಸ್ ಕೆಲಸಕ್ಕೆ ಮುಂಬಯಿಗೆ ಹೋದಾಗ ದೊಡ್ಡಪ್ಪ ನನ್ನನ್ನ ಅಲ್ಲಿಗೆ ಕರ್ಕೊಂಡು ಹೋದ್ರು. ಆ ರಾತ್ರಿ ವೇದಿಕೆ ಮೇಲೆ ಇದ್ದಿದ್ದು ಕನ್ನಡ ನಾಟಕ ಅಲ್ಲ, ಮರಾಠಿ. ಕಾಲೇಜು ವಯಸ್ಸಿನ ಹುಡುಗ ಹುಡುಗಿಯರು, ಸೆಟ್ಟೂ ಇಲ್ಲ ಏನಿಲ್ಲ, ಎರಡು ಸ್ಟೂಲು. ಮುಂಬಯಿಯ ಪ್ರಯೋಗಶೀಲ ರಂಗಭೂಮಿಯವರಿಗೆ, ಯಾವ ಭಾಷೆಯವರೇ ಆಗಲಿ, ಮಾಟುಂಗಾದ ಈ ಕನ್ನಡ ಸಭಾಂಗಣಗಳು ಚೆನ್ನಾಗಿ ಪರಿಚಯ. ನನಗೆ ಒಳಗೊಳಗೇ ಕಸಿವಿಸಿ. "ಏನ್ ದೊಡ್ಡಪ್ಪ, ಕನ್ನಡದೋರ ಜಾಗ, ಮರಾಠಿ ನಾಟಕ?" ಅಂದೆ.

ಅವರು ನಾಟಕ ಮುಗಿಯೋವರೆಗೂ ಉತ್ತರ ಕೊಡಲಿಲ್ಲ. ಹೊರಗೆ ಬಂದು ಚಪ್ಪಲಿ ಹಾಕ್ಕೊಳ್ತಾ ಹೇಳಿದ್ರು: "1966ರಲ್ಲಿ ಶಿವಸೇನೆ ಹುಟ್ಟಿತಲ್ಲ, ಆ ಕಾಲದಲ್ಲಿ ದಕ್ಷಿಣದೋರ ಹೋಟೆಲಿಗೆ ಕಲ್ಲು ಬೀಳೋದು. ನಾನು ಬರೋ ಹೊತ್ತಿಗೂ ಅದರ ಕತೆ ಹೇಳೋರು, ರಸ್ತೇಲಿ ಕನ್ನಡ ಮಾತಾಡುವಾಗ ದನಿ ತಗ್ಗಿಸು ಅನ್ನೋರು. ಈಗ ನೋಡು, ಅವರ ಮಕ್ಕಳು ನಮ್ಮ ಸ್ಟೇಜ್ ಮೇಲೆ ನಿಂತು ನಾಟಕ ಆಡ್ತಾವೆ. ನಮ್ಮ ಮಕ್ಕಳು ಬರಲ್ಲ. ಜಾಗ ಖಾಲಿ ಬಿಡೋಕಾಗ್ತದಾ?"

'ನಮ್ಮ ಮಕ್ಕಳು' ಅಂದಾಗ ಅವರು ನನ್ನ ಕಡೆ ನೋಡಲಿಲ್ಲ. ಅವರ ಇಬ್ಬರು ಮಕ್ಕಳಿಗೂ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ. ಮನೆಯ ಬೀರುವಿನ ತುಂಬ ಇರೋ 'ನೇಸರು' ಸಂಚಿಕೆಗಳನ್ನ ಊರಿಗೆ ತಗೊಂಡು ಹೋಗ್ತೀಯಾ ಅಂತ ಅವತ್ತು ರಾತ್ರಿ ನನ್ನ ಕೇಳಿದ್ರು. ಫ್ಲೈಟಿನಲ್ಲಿ ಅಷ್ಟು ಭಾರ ಆಗಲ್ಲ ಅಂತ ತಪ್ಪಿಸ್ಕೊಂಡೆ.

ಇನ್ನು ನ್ಯೂಯಾರ್ಕು. ಮುಂಬಯಿಗೆ ಹೋಗೋದಕ್ಕೂ ಮುಂಚೆ ಒಂದು ವರ್ಷ ನಾನು ನ್ಯೂಜೆರ್ಸಿಯಲ್ಲಿ ಆನ್‌ಸೈಟ್ ಇದ್ದೆ. ಅಲ್ಲಿ ಕನ್ನಡ ಕೂಟ ಚೆನ್ನಾಗೇ ಇತ್ತು. ಆದರೆ ರಾಜ್ಯೋತ್ಸವ, ಯುಗಾದಿ ಎಲ್ಲ ಬಾಡಿಗೆ ಹೈಸ್ಕೂಲಿನ ಆಡಿಟೋರಿಯಂನಲ್ಲಿ. ರಾತ್ರಿ ಒಂಬತ್ತಕ್ಕೆ ಜಾಗ ಖಾಲಿ ಮಾಡಬೇಕು, ಚಿತ್ರಾನ್ನದ ಅಗುಳು ಒಂದೂ ನೆಲದ ಮೇಲೆ ಇರೋ ಹಾಗಿಲ್ಲ. ಅದೇ ಚಳಿಗಾಲದಲ್ಲಿ ಆಫೀಸಿನ ಚೆಕ್ ಮೂಲದ ಗೆಳೆಯನೊಬ್ಬ "ಗೊಂಬೆಯಾಟ ಇದೆ, ಬರ್ತೀಯಾ?" ಅಂತ ಕರೆದ. ಸಬ್‌ವೇಯಲ್ಲಿ 72ನೇ ಬೀದಿಗೆ ಇಳಿದು ನಡೆದುಕೊಂಡು ಹೋದ್ವಿ. 73ನೇ ಬೀದಿಯಲ್ಲಿ ಮನೆಗಳ ಸಾಲಿನ ನಡುವೆ ಅರಮನೆ ಥರ ಒಂದು ಕಟ್ಟಡ: ಬೊಹೀಮಿಯನ್ ನ್ಯಾಷನಲ್ ಹಾಲ್. ಬೊಹೀಮಿಯಾ ಅಂದ್ರೆ ಈಗಿನ ಚೆಕ್ ದೇಶದ ದೊಡ್ಡ ಭಾಗದ ಹಳೇ ಹೆಸರು.

ಇದನ್ನ ಕಟ್ಟಿದ್ದು ಸಾಹುಕಾರರು ಇರಬೇಕು ಅಂದ್ಕೊಂಡೆ. ಅಲ್ಲವಂತೆ. 1890ರ ದಶಕದ ನ್ಯೂಯಾರ್ಕಿನಲ್ಲಿ ಚೆಕ್ ವಲಸಿಗರು ಅಂದ್ರೆ ಮುಖ್ಯವಾಗಿ ಸಿಗಾರ್ ಸುತ್ತೋರು. ಗಂಡ, ಹೆಂಡತಿ, ಮಕ್ಕಳು ಒಂದೇ ಕೋಣೆಯಲ್ಲಿ ಕೂತು, ತಂಬಾಕಿನ ಘಾಟಿನಲ್ಲೇ ಉಂಡು ಮಲಗಿ, ಎಣಿಕೆ ಲೆಕ್ಕದಲ್ಲಿ ಕೂಲಿ ತಗೊಳ್ಳೋರು. ನಮ್ಮ ಕರಾವಳಿಯ ಬೀಡಿ ಕಟ್ಟೋ ಮನೆಗಳನ್ನ ನೋಡಿದವರಿಗೆ ಬೇರೆ ವಿವರಣೆ ಬೇಡ. ಜೇಕಬ್ ರೀಸ್ ಅನ್ನೋ ಪತ್ರಕರ್ತ 1890ರಲ್ಲಿ ನ್ಯೂಯಾರ್ಕಿನ ಬಡವರ ಬಗ್ಗೆ ಬರೆದ ಪ್ರಸಿದ್ಧ ಪುಸ್ತಕದಲ್ಲಿ ಇವರಿಗೇ ಒಂದು ಅಧ್ಯಾಯ ಇದೆ. ಅಂಥ ಸಮುದಾಯದ ಸಣ್ಣ ಸಣ್ಣ ಸಂಘಗಳು ಒಟ್ಟುಗೂಡಿ ಹಣ ಹಾಕಿ, 1897ರ ಹೊತ್ತಿಗೆ ಆ ಕಟ್ಟಡ ಎಬ್ಬಿಸಿದ್ವು. ಮೇಲೆ ನೃತ್ಯಕ್ಕೆ ನಾಟಕಕ್ಕೆ ದೊಡ್ಡ ಸಭಾಂಗಣ, ಸಂಘಗಳಿಗೆ ಕೋಣೆಗಳು, ಮಕ್ಕಳಿಗೆ ಚೆಕ್ ಪಾಠ, ಊಟದ ಜಾಗ.

ಹೆಸರಿನಲ್ಲಿರೋ 'ನ್ಯಾಷನಲ್' ಪದ ನೋಡಿ. ಆಗ ಅವರಿಗೂ ನೇಷನ್ ಇರಲಿಲ್ಲ! ಅವರ ನಾಡು ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಒಳಗಿತ್ತು. ಅಮೆರಿಕದ ಎಷ್ಟೋ ಊರುಗಳಲ್ಲಿ ಚೆಕ್ಕರು ಇಂಥ ಭವನ ಕಟ್ಟಿದ್ರು. ಕ್ಲೀವ್‌ಲ್ಯಾಂಡಿನಲ್ಲೂ ಇದೇ ಹೆಸರಿನ ಒಂದಿದೆ. 1915ರ ಅಕ್ಟೋಬರಿನಲ್ಲಿ ಅಲ್ಲಿನ ಭವನದಲ್ಲಿ ಚೆಕ್ ಮತ್ತು ಸ್ಲೊವಾಕ್ ವಲಸಿಗರ ಸಂಘಟನೆಗಳು ಕೂತು, ನಾವಿಬ್ಬರೂ ಸೇರಿ ಒಂದು ಸ್ವತಂತ್ರ ದೇಶಕ್ಕೆ ದುಡಿಯೋಣ ಅಂತ ಒಪ್ಪಂದಕ್ಕೆ ಸಹಿ ಹಾಕಿದ್ರು. ಚೆಕೊಸ್ಲೊವಾಕಿಯಾ ಹುಟ್ಟಿದ್ದು ಮೂರು ವರ್ಷ ಆದಮೇಲೆ, 1918ರ ಅಕ್ಟೋಬರ್ 28ಕ್ಕೆ. ವಾರಾಂತ್ಯದಲ್ಲಿ ಪೋಲ್ಕಾ ಕುಣಿಯೋಕೆ, ನಾಟಕ ಆಡೋಕೆ, ಕಸರತ್ತು ಮಾಡೋಕೆ ಇದ್ದ ಜಾಗ! ಮಾಟುಂಗಾದ ಕತೆ ಗೊತ್ತಿದ್ದವರಿಗೆ ಇದು ಹೊಸದು ಅನ್ನಿಸಲ್ಲ.

ನ್ಯೂಯಾರ್ಕಿನ ಭವನ ಮಾತ್ರ ಆಮೇಲೆ ಹಾಳು ಬಿತ್ತು. ಸಿಗಾರ್ ಸುತ್ತಿದವರ ಮೊಮ್ಮಕ್ಕಳು ವಕೀಲರಾದ್ರು, ಡಾಕ್ಟರಾದ್ರು, ಆ ಬಡಾವಣೆಯನ್ನೇ ಬಿಟ್ಟು ಹೋದ್ರು. ಕೊನೆಗೆ 2001ರಲ್ಲಿ ಸಂಘದವರು ಕಟ್ಟಡವನ್ನ ಚೆಕ್ ಸರ್ಕಾರಕ್ಕೆ ಒಂದು ಡಾಲರಿಗೆ ಮಾರಿದ್ರು, ರಿಪೇರಿ ಮಾಡಿಸಿ ಉಳಿಸಿ ಅಂತ. 2008ರಲ್ಲಿ ಮತ್ತೆ ತೆರೀತು. ಈಗ ಅಲ್ಲಿ ದೂತಾವಾಸದ ಕಚೇರಿ, ಚೆಕ್ ಸೆಂಟರ್, ಸಿನಿಮಾ, ಕಛೇರಿ, ಚಿತ್ರಪ್ರದರ್ಶನ. ಭವನ ಕಟ್ಟಿ ನೂರು ವರ್ಷ ಆದ ಮೇಲೆ ಆ 'ನೇಷನ್' ಬಂದು ಕೈ ಹಿಡೀತು.

ಗೊಂಬೆಯಾಟದ ಬಗ್ಗೆ ಹೇಳದೇ ಹೋದ್ರೆ ತಪ್ಪಾಗುತ್ತೆ. ಚೆಕ್ ಮತ್ತು ಸ್ಲೊವಾಕ್ ಗೊಂಬೆಯಾಟ 2016ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಲೆ. ಮರದ ಗೊಂಬೆಗಳು, ಮೇಲಿನಿಂದ ತಂತಿ, ದಾರ. ನಮ್ಮ ಸೂತ್ರದ ಗೊಂಬೆಯವರೇ. ರಾಜ, ದೆವ್ವ, ಒಬ್ಬ ಪೆದ್ದ. ಕತೆ ಅರ್ಧ ಚೆಕ್ ಭಾಷೆಯಲ್ಲಿ, ಅರ್ಧ ಇಂಗ್ಲಿಷಿನಲ್ಲಿ. ಮುಂದಿನ ಸಾಲಲ್ಲಿ ಕೂತಿದ್ದ ಮಕ್ಕಳಲ್ಲಿ ಚೈನೀಸ್ ಮಕ್ಕಳಿದ್ವು, ಕಪ್ಪು ಮಕ್ಕಳಿದ್ವು. ದೆವ್ವ ಬಂದಾಗ ಎಲ್ಲ ಒಂದೇ ಭಾಷೆಯಲ್ಲಿ ಕಿರುಚಿದ್ವು.

ಈಗ ವಾಪಸ್ ನಮ್ಮ ಬೆಟ್ಟಕ್ಕೆ. ಹೊರಗಿಂದ ಬಂದವರು ತಮಗಾಗಿ ಕಟ್ಟಿಕೊಂಡ ಒಂದು ಹಳೇ ಜಾಗ ನಮ್ಮಲ್ಲೂ ಇದೆ. ಸಕಲೇಶಪುರದ ಮಂಜರಾಬಾದ್ ಕ್ಲಬ್, 1893ರದ್ದು. ಅದನ್ನ ಶುರು ಮಾಡಿದ್ದು ಯುರೋಪಿಯನ್ ಕಾಫಿ ಪ್ಲಾಂಟರುಗಳು. ರಾಬರ್ಟ್ ಎಲಿಯಟ್ ಅನ್ನೋ ಬ್ರಿಟಿಷ್ ಪ್ಲಾಂಟರ್ 1850ರ ದಶಕದಲ್ಲೇ ಮಂಜರಾಬಾದಿಗೆ ಬಂದು ತೋಟ ಮಾಡಿ, ಇಲ್ಲಿನ ಬದುಕಿನ ಬಗ್ಗೆ 1871 ಮತ್ತು 1894ರಲ್ಲಿ ಪುಸ್ತಕಗಳನ್ನೇ ಬರೆದ. ದೂರದ ಊರಿನಿಂದ ಬಂದು, ಗುಡ್ಡಗಳ ನಡುವೆ ಒಂಟಿಯಾಗಿದ್ದವರಿಗೆ ತಮ್ಮ ಭಾಷೆ ಕೇಳೋಕೆ ಒಂದು ಜಾಗ ಬೇಕಿತ್ತು. ಅದು ಸಹಜವೇ. ಆದರೆ ಅವರನ್ನ ನಾವು ಯಾವತ್ತೂ 'ವಲಸಿಗರು' ಅನ್ನಲಿಲ್ಲ. ದುಡ್ಡು ಹಿಡಿದು ಬಂದರೆ ಪ್ಲಾಂಟರು, ಕತ್ತಿ ಹಿಡಿದು ಬಂದರೆ ಹೊರಗಿನವರು. ಘಟ್ಟ ಹತ್ತಿ ಬಂದ ತುಳುನಾಡಿನ ಕೂಲಿಯವರೇ ಈ ತೋಟಗಳ ಎಷ್ಟೋ ಕೆಲಸ ಮಾಡಿದ್ದು. ಅವರಿಗೆ ಸಿಕ್ಕಿದ್ದು ಲೈನ್ ಮನೆ. ಕ್ಲಬ್ಬೂ ಇಲ್ಲ, ಭವನವೂ ಇಲ್ಲ.

ಈಗ ಆ ಲೈನ್ ಮನೆಗಳಲ್ಲಿ ಅಸ್ಸಾಮಿನವರು ಇದ್ದಾರೆ. ನಮ್ಮೂರ ಪಕ್ಕದ ತೋಟಕ್ಕೆ ಬಂದಿರೋ ಎಂಟು ಕುಟುಂಬ ಗೋಲಾಘಾಟ್ ಕಡೆಯ ಟೀ ತೋಟದವರು. ಅವರ ಮುತ್ತಜ್ಜಂದಿರನ್ನ ಬ್ರಿಟಿಷರು ಛೋಟಾನಾಗಪುರದ ಕಡೆಯಿಂದ ಅಸ್ಸಾಮಿನ ಟೀ ತೋಟಗಳಿಗೆ ಸಾಗಿಸಿದ್ರು. ಅಲ್ಲಿಂದ ಇವರು ಈಗ ಇಲ್ಲಿಗೆ, ಕಾಫಿ ಕೊಯ್ಯೋಕೆ. ನಮ್ಮ ಹುಡುಗರು ಬೆಂಗಳೂರಿಗೆ ಹೋದ ಜಾಗಕ್ಕೇ ಇವರು ಬಂದಿರೋದು. ಸರಳ ಲೆಕ್ಕ.

ಗ್ರೂಪಿನಲ್ಲಿ ವಾದ ಎರಡು ದಿನ ನಡೀತು. ನಾನು ಏನೂ ಬರೀಲಿಲ್ಲ, ಹೇಡಿತನ ಅಂತಲೇ ಅನ್ನಿ. ರಾತ್ರಿ ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರು ಗ್ರೂಪಿನಲ್ಲಿದ್ರೂ ಓದ್ತಾರೆ, ಬರೆಯಲ್ಲ. ಮಾರನೇ ದಿನ ಅವರದೊಂದು ವಾಯ್ಸ್ ಮೆಸೇಜ್ ಬಂತು, ಐವತ್ತು ಸೆಕೆಂಡು. "ನಾನು ಬೊಂಬಾಯಿಗೆ ಹೋದಾಗ ಒಂದು ಬಾಗಿಲು ತೆಗೆದಿತ್ತು ಕಣ್ರಪ್ಪ. ಅದಿಲ್ಲದಿದ್ರೆ ನಾನು ಮೂರೇ ತಿಂಗಳಿಗೆ ವಾಪಸ್ ಬಂದುಬಿಡ್ತಿದ್ದೆ. ಕರೆಂಟ್ ಬಿಲ್ ಎಷ್ಟಾಗ್ತದೋ ನಂಗೆ ಹೇಳಿ, ಕಳಿಸ್ತೀನಿ." ಅಷ್ಟೇ. ಇಬ್ಬರು ಗ್ರೂಪ್ ಬಿಟ್ಟರು. ಅಪ್ಪ ಮೊಳೆಯಿಂದ ಬೀಗದ ಕೈ ತೆಗೆದು ತೋಟದ ರೈಟರ ಕೈಗೆ ಕೊಟ್ಟು ಬಂದ್ರು.

ಏಪ್ರಿಲ್ 14ಕ್ಕೆ ನಾನೂ ಊರಲ್ಲಿದ್ದೆ. ಬೆಳಗ್ಗೆ ಅದೇ ಭವನದಲ್ಲಿ ಅಂಬೇಡ್ಕರ್ ಜಯಂತಿ, ಮಧ್ಯಾಹ್ನ ಪಾಯಸ. ಸಂಜೆ ಇವರ ಬಿಹು. ಶುಂಠಿ ಮಣ್ಣು ಹಿಡಿದ ನೆಲವನ್ನ ಹಿಂದಿನ ದಿನವೇ ಹೆಂಗಸರು ತೊಳೆದಿದ್ರು. ಒಂದು ಡೋಲು, ಫೋನಿಗೆ ಹಾಕಿದ ಒಂದು ಸ್ಪೀಕರು. ಒಬ್ಬರ ಸೊಂಟ ಒಬ್ಬರು ಹಿಡಿದು ಸಾಲಾಗಿ ಕುಣಿಯೋ ಜುಮುರ್, ಅವರ ಟೀ ತೋಟಗಳ ಕುಣಿತ. ನಮ್ಮೂರಿನವರು ಮೊದಲು ಕಿಟಕಿ ಹತ್ರ ನಿಂತಿದ್ರು. ಆಮೇಲೆ ಮಕ್ಕಳು ಒಳಗೆ ನುಗ್ಗಿದ್ವು, ಮಕ್ಕಳನ್ನ ಕರೆಯೋ ನೆಪದಲ್ಲಿ ತಾಯಂದಿರು ನುಗ್ಗಿದ್ರು. ಅಮ್ಮ ಒಂದು ಬುಟ್ಟಿ ಕಡುಬು ತಂದಿದ್ರು. ಅವರು ಅಕ್ಕಿ ಹಿಟ್ಟಿನಲ್ಲಿ ಎಳ್ಳು ಬೆಲ್ಲ ಸುತ್ತಿದ ಪೀಠಾ ಕೊಟ್ರು. ಅಮ್ಮ ಒಂದು ಕಚ್ಚಿ, "ಹಿಟ್ಟು ಇನ್ನೊಂಚೂರು ನೆನೀಬೇಕಿತ್ತು" ಅಂದ್ರು. ಹಾಗಂದ್ರೆ ಇಷ್ಟ ಆಯ್ತು ಅಂತ.

ಎಂಟೂವರೆಗೆ ಎಲ್ಲರ ಫೋನೂ ಒಟ್ಟಿಗೆ ಸದ್ದು ಮಾಡಿದ್ವು. ಕೆರೆ ಏರಿ ಮೇಲೆ ಆನೆ, ಮರಿ ಬೇರೆ ಇದೆ, ಯಾರೂ ರಸ್ತೆಗೆ ಬರಬೇಡಿ.

ಲೈನ್ ಮನೆಗಳಿಗೆ ಹೋಗೋ ದಾರಿ ಕೆರೆ ಏರಿಯದೇ. ನಮ್ಮ ಮನೆಗೂ ಅದೇ. ಡೋಲು ನಿಲ್ಲಿಸಿ, ಸ್ಪೀಕರ್ ಆಫ್ ಮಾಡಿ, ಲೈಟ್ ತೆಗೆದ್ವಿ. ಅಪ್ಪ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದ್ರು. ನಲವತ್ತು ಜನ ಕತ್ತಲೆಯಲ್ಲಿ ಕೂತಿದ್ವಿ. ಯಾವುದೋ ಮಗು ಅತ್ತಿತು, ಅದರ ತಾಯಿ ಏನೋ ಹಾಡು ಗುನುಗಿದಳು, ಭಾಷೆ ಗೊತ್ತಾಗಲಿಲ್ಲ. ಮುಂಬಯಿಯಿಂದ ದೊಡ್ಡಪ್ಪ ಮೆಸೇಜ್ ಹಾಕಿದ್ರು: "ಕಾರ್ಯಕ್ರಮ ಹೆಂಗೆ ನಡೀತಿದೆ? ಫೋಟೋ ಕಳಿಸು."

ಕತ್ತಲೆಯ ಒಂದು ಫೋಟೋ ತೆಗೆದು ಕಳಿಸಿದೆ. "ಏನೂ ಕಾಣಲ್ವಲ್ಲೋ" ಅಂತ ಉತ್ತರ ಬಂತು. "ಎಲ್ಲ ಒಳಗೇ ಇದ್ದೀವಿ ದೊಡ್ಡಪ್ಪ" ಅಂತ ಬರೆದೆ.